ಎರಡೂ ತುದಿಗೆ ಒಂದೇ ತಾರೀಖು: ನಿಂತುಹೋದ ಆನ್‌ಲೈನ್ ಆಟಗಳನ್ನು ಬದುಕಿಸುವ ಕೆಲಸ

(ಮಾದಾಪುರದಲ್ಲಿ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹರೂಪ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ಚೂರು ತಿದ್ದಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಇಲ್ಲಿ ಕೂತಿರೋರಲ್ಲಿ ತುಂಬಾ ಜನ ಒಂದು ಕಾಲದಲ್ಲಿ ಪಬ್‌ಜಿ ಆಡಿದೋರೇ ಇರ್ತೀರಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆಪ್‌ಗಳನ್ನು ನಿಷೇಧಿಸಿತು. ಮೊದಲೇ ಇನ್‌ಸ್ಟಾಲ್ ಮಾಡಿಕೊಂಡಿದ್ದವರು ಆಮೇಲೂ ಎರಡು ತಿಂಗಳು ಆಡ್ತಾನೇ ಇದ್ದರು. ಅಕ್ಟೋಬರ್ 30ಕ್ಕೆ ಭಾರತದ ಬಳಕೆದಾರರಿಗೆ ಸೇವೆಯೇ ನಿಂತಿತು. ಮಾರನೇ ದಿನ ಏನಾಗಿತ್ತು ಯೋಚನೆ ಮಾಡಿ. ಆಪ್ ಫೋನಿನಲ್ಲೇ ಇತ್ತು. ಮ್ಯಾಪು, ಬಂದೂಕು, ಜೀಪು, ಸದ್ದು ಎಲ್ಲವೂ ಫೋನಿನ ಮೆಮೊರಿಯಲ್ಲಿ ಹಾಗೇ ಕೂತಿತ್ತು. ಆಟ ಮಾತ್ರ ಇರಲಿಲ್ಲ.

ಯಾಕಂದ್ರೆ ಆನ್‌ಲೈನ್ ಆಟ ಒಂದು ವಸ್ತುವಲ್ಲ, ಎರಡು. ನಿಮ್ಮ ಕೈಯಲ್ಲಿರೋದು ಕ್ಲೈಂಟ್. ಕಂಪನಿಯ ಹತ್ತಿರ ಇರೋದು ಸರ್ವರ್. ಎರಡೂ ಮಾತಾಡಿಕೊಂಡರೆ ಆಟ. 2021ರ ಜುಲೈ 2ಕ್ಕೆ ಬಿಜಿಎಂಐ ಅಂತ ಇನ್ನೊಂದು ರೂಪದಲ್ಲಿ ಅದು ವಾಪಸ್ ಬಂತು, ಸರಿ. ಆದರೆ ಪ್ರಪಂಚದಲ್ಲಿ ವಾಪಸ್ ಬರದೇ ಹೋದ ಆಟಗಳೇ ಜಾಸ್ತಿ. ಅವುಗಳನ್ನು ಅಭಿಮಾನಿಗಳು ತಮ್ಮ ಕೈಯಾರೆ ಹೇಗೆ ಬದುಕಿಸಿಕೊಂಡಿದ್ದಾರೆ, ಆ ಕೆಲಸದಲ್ಲಿ 'ವರ್ಷನ್' ಅನ್ನೋ ಒಂದು ಸಣ್ಣ ಸಂಖ್ಯೆಗೆ ಯಾಕೆ ಅಷ್ಟು ಬೆಲೆ, ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ಪದ ಸ್ಪಷ್ಟ ಮಾಡಿಕೊಳ್ಳೋಣ. ಎಮ್ಯುಲೇಟರ್ ಅಂದ ಕೂಡಲೇ ಫೋನಿನ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸೋ ಸಾಫ್ಟ್‌ವೇರ್ ನೆನಪಾಗತ್ತೆ. ನಾನು ಹೇಳ್ತಾ ಇರೋದು ಅದಲ್ಲ, ಸರ್ವರ್ ಎಮ್ಯುಲೇಟರ್. ಕಂಪನಿಯ ಸರ್ವರ್ ಹೇಗೆ ಉತ್ತರ ಕೊಡುತ್ತಿತ್ತೋ ಹಾಗೇ ಉತ್ತರ ಕೊಡುವ, ಹೊರಗಿನವರು ಸ್ವತಂತ್ರವಾಗಿ ಬರೆದ ಪ್ರೋಗ್ರಾಂ. ಕ್ಲೈಂಟ್ ಕಂಪನಿಯದ್ದೇ, ಹಳೆಯದೇ. ಸರ್ವರ್ ಮಾತ್ರ ಅಭಿಮಾನಿಗಳದ್ದು.

ಉದಾಹರಣೆಗೆ ರಾಗ್ನರಾಕ್ ಆನ್‌ಲೈನ್ ತಗೊಳ್ಳೋಣ. ಕೊರಿಯಾದ ಗ್ರಾವಿಟಿ ಕಂಪನಿ 2002ರಲ್ಲಿ ತಂದ ಆಟ. ಭಾರತದಲ್ಲಿ ಇದನ್ನು ಲೆವೆಲ್ ಅಪ್ ಅನ್ನೋ ಕಂಪನಿ ನಡೆಸುತ್ತಿತ್ತು. ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಕಾಲ ಅದು. ಆ ಭಾರತೀಯ ಸರ್ವರ್ ಈಗಿಲ್ಲ. ಆದರೆ ಆ ಆಟಕ್ಕೆ ಅಭಿಮಾನಿಗಳು ಬರೆದ ಸರ್ವರ್ ಇದೆ. ಜಪಾನಿನಲ್ಲಿ ಹುಟ್ಟಿದ ಅಥೀನಾ, ಅದರಿಂದ ಇ-ಅಥೀನಾ, ಅದರಿಂದ ಆರ್-ಅಥೀನಾ, ಅದರಿಂದ ಕವಲೊಡೆದ ಹರ್ಕ್ಯುಲಿಸ್. ಇಪ್ಪತ್ತು ವರ್ಷದ ವಂಶಾವಳಿ. ಕೋಡ್ ಎಲ್ಲರಿಗೂ ಮುಕ್ತ.

ಈ ಸರ್ವರ್ ಕಟ್ಟೋಕೆ ಕೂತರೆ ಅದು ಮೊದಲೇ ಒಂದು ತಾರೀಖು ಕೇಳತ್ತೆ. ವರ್ಷ, ತಿಂಗಳು, ದಿನ ಸೇರಿ ಎಂಟು ಅಂಕಿ. ಅದು ನಿಮ್ಮ ಹುಟ್ಟಿದ ದಿನ ಅಲ್ಲ, ನಿಮ್ಮ ಹತ್ತಿರ ಇರೋ ಕ್ಲೈಂಟಿನ ಹುಟ್ಟಿದ ದಿನ. ಯಾವ ದಿನದ ಕ್ಲೈಂಟೋ ಆ ದಿನದ ಭಾಷೆಯಲ್ಲಿ ಮಾತಾಡೋ ಹಾಗೆ ಸರ್ವರನ್ನು ಕಟ್ಟಬೇಕು. ತಾರೀಖು ತಪ್ಪಿದರೆ ಎರಡೂ ತುದಿ ಬೇರೆ ಬೇರೆ ಭಾಷೆ ಆಡತ್ತೆ.

ಒಂದೇ ಆಟ, ಒಂದೇ ಕಂಪನಿ. ಭಾಷೆ ಯಾಕೆ ಬೇರೆ ಆಗಬೇಕು? ಇದಕ್ಕೆ ಕನ್ನಡದ್ದೇ ಉದಾಹರಣೆ ಇದೆ. ಇಲ್ಲಿ ಡಿಟಿಪಿ ಕೆಲಸ ಗೊತ್ತಿರೋರು ಯಾರಾದ್ರೂ ಇದ್ದೀರಾ? ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ನುಡಿ ಫಾಂಟಿನಲ್ಲಿ ತೆರೆದರೆ ಏನಾಗತ್ತೆ? ವಧು ವರರ ಹೆಸರಿನ ಜಾಗದಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲಾ ಕಲಸಿ ಚಿತ್ರಾನ್ನ. ಫೈಲ್ ಕೆಟ್ಟಿಲ್ಲ. ಫೈಲಿನ ಒಳಗೆ ಅಕ್ಷರ ಇರಲ್ಲ, ಸಂಖ್ಯೆ ಇರತ್ತೆ. ಆ ಸಂಖ್ಯೆಗೆ ಒಂದು ಫಾಂಟ್ 'ಕ' ಅನ್ನತ್ತೆ, ಇನ್ನೊಂದು ಬೇರೇನೋ ಅನ್ನತ್ತೆ. ಯೂನಿಕೋಡ್ ಬಂದು ಎಲ್ಲರೂ ಒಂದೇ ಪಟ್ಟಿಗೆ ಒಪ್ಪಿಕೊಂಡ ಮೇಲೆ ನಮ್ಮ ಮೊಬೈಲಿನ ಕನ್ನಡ ಅಮೆರಿಕದಲ್ಲೂ ಕನ್ನಡವಾಗೇ ಕಾಣಿಸ್ತಿದೆ.

ಆನ್‌ಲೈನ್ ಆಟದಲ್ಲೂ ಅಷ್ಟೇ. 'ನಾನು ಈ ಕಡೆ ನಡೆದೆ' ಅಂತ ಕ್ಲೈಂಟ್ ಹೇಳೋದು ಪದದಲ್ಲಲ್ಲ, ಸಂಖ್ಯೆಯಲ್ಲಿ. ನಡೆಯೋದಕ್ಕೆ ಒಂದು ಸಂಖ್ಯೆ, ಮಾತಾಡೋದಕ್ಕೆ ಒಂದು, ಹೊಡೆಯೋದಕ್ಕೆ ಒಂದು. ಈ ಪಟ್ಟಿಗೆ ಯೂನಿಕೋಡ್ ಥರ ಲೋಕಮಾನ್ಯ ಒಪ್ಪಂದ ಇಲ್ಲ. ಕಂಪನಿಗೆ ಎರಡೂ ತುದಿ ತನ್ನ ಕೈಯಲ್ಲೇ ಇರೋದ್ರಿಂದ ಯಾವಾಗ ಬೇಕಾದ್ರೂ ಬದಲಿಸಬಹುದು. ಗುರುವಾರ ಸರ್ವರ್ ಬದಲಾಯಿಸಿದರೆ ಗುರುವಾರವೇ ಎಲ್ಲರಿಗೂ ಅಪ್‌ಡೇಟ್ ಕಳಿಸ್ತಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2010ರ ಕೊನೆಗೆ ಬಂದ ಕ್ಯಾಟಕ್ಲಿಸಂ ನಂತರವಂತೂ ಈ ಸಂಖ್ಯೆಗಳು ಒಂದು ಬಿಲ್ಡಿನಿಂದ ಇನ್ನೊಂದಕ್ಕೆ ಪೂರ್ತಿ ಕಲಸಿಹೋಗ್ತಿದ್ದವು. ಹೊರಗಿನವರು ಪ್ರತಿ ಸಲ ಮೊದಲಿಂದ ಹುಡುಕಬೇಕು.

ಈಗ ಸ್ವಲ್ಪ ಒಳಗೆ ಇಳಿಯೋಣ. ಹೊಂದಾಣಿಕೆಗೆ ಮೂರು ಮಟ್ಟ ಇದೆ.

ಮೊದಲನೇದು ಬಾಗಿಲು. ಲಾಗಿನ್ ಆಗುವಾಗ ಕ್ಲೈಂಟ್ ತನ್ನ ವರ್ಷನ್ ಹೇಳಿಕೊಳ್ಳತ್ತೆ. ವಾರ್‌ಕ್ರಾಫ್ಟ್ ಕ್ಲೈಂಟ್ ಕಳಿಸುವ ಮೊದಲ ಸಂದೇಶದಲ್ಲೇ ವರ್ಷನ್ನು, ಬಿಲ್ಡ್ ಸಂಖ್ಯೆ, ಭಾಷೆ, ಬಳಕೆದಾರರ ಹೆಸರು ಎಲ್ಲಾ ಇರತ್ತೆ. 1.12.1 ಅಂದ್ರೆ ಬಿಲ್ಡ್ 5875. 3.3.5ಎ ಅಂದ್ರೆ ಬಿಲ್ಡ್ 12340. ಸರ್ವರಿನ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್.

ಹೊಸಬರು ಎಡವೋದು ಇಲ್ಲೇ. 'ವರ್ಷನ್ ಹೊಂದುತ್ತಿಲ್ಲ' ಅಂತ ಬಂದ ತಕ್ಷಣ ಸೆಟ್ಟಿಂಗಿಗೆ ಹೋಗಿ ಆ ತಪಾಸಣೆಯನ್ನೇ ಆಫ್ ಮಾಡ್ತಾರೆ. ಆರ್-ಅಥೀನಾದಲ್ಲಿ ಅದಕ್ಕೆ ಒಂದೇ ಸಾಲು. ಬಾಗಿಲು ತೆರೆಯತ್ತೆ, ಖುಷಿಯೂ ಆಗತ್ತೆ. ಆದರೆ ಗೇಟಿನಲ್ಲಿ ಕೇಳೋ ಪ್ರಶ್ನೆ ನಿಲ್ಲಿಸಿದ ಮಾತ್ರಕ್ಕೆ ಒಳಗೆ ಬಂದವನಿಗೆ ಭಾಷೆ ಬಂದುಬಿಡತ್ತಾ? ತಪಾಸಣೆ ಇರೋದು ತೊಂದರೆ ಕೊಡೋಕೆ ಅಲ್ಲ, ಮುಂದೆ ಬರೋ ತೊಂದರೆಯನ್ನು ಬಾಗಿಲಲ್ಲೇ ಹೇಳೋಕೆ.

ಎರಡನೇ ಮಟ್ಟ ಸಂದೇಶದ ಆಕಾರ. ಇದನ್ನು ಕಾಫಿ ತೋಟದ ಲೆಕ್ಕದ ಪುಸ್ತಕದಿಂದ ಹೇಳ್ತೀನಿ. ಕುಯ್ಲಿನ ಟೈಮಲ್ಲಿ ರೈಟರ್ ದಿನಾ ಬರೀತಾರೆ: ಹೆಸರು, ಎಷ್ಟು ಕೆಜಿ, ಎಷ್ಟು ಅಡ್ವಾನ್ಸ್. ಕಾಲಂಗಳಿಗೆ ತಲೆಬರಹ ಇಲ್ಲ ಅಂತಿಟ್ಕೊಳ್ಳಿ, ಜಾಗ ನೋಡಿಯೇ ಅರ್ಥ ಮಾಡ್ಕೋಬೇಕು. ಈ ವರ್ಷ ಹೆಸರಾದ ಮೇಲೆ 'ಯಾವ ಬ್ಲಾಕು' ಅಂತ ಒಂದು ಕಾಲಂ ಹೊಸದಾಗಿ ಸೇರಿತು. ಬರೆಯೋರಿಗೆ ಗೊತ್ತು, ಸಂಬಳ ಹಾಕೋರಿಗೆ ಗೊತ್ತಿಲ್ಲ. ಅವರು ಬ್ಲಾಕ್ ನಂಬರನ್ನು ಕೆಜಿ ಅಂದ್ಕೋತಾರೆ, ಕೆಜಿಯನ್ನು ಅಡ್ವಾನ್ಸ್ ಅಂದ್ಕೋತಾರೆ. ಜಾಸ್ತಿ ಕುಯ್ದೋರಿಗೆ ಜಾಸ್ತಿ ಸಾಲ! ಪುಸ್ತಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಆದರೂ ಲೆಕ್ಕ ಪೂರ್ತಿ ತಪ್ಪು.

ರಾಗ್ನರಾಕ್‌ನಲ್ಲಿ ನಿಜವಾಗಿ ಹೀಗೇ ಆಗಿದೆ. ಆಟದ ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಮೊದಲು ಆ ಸಂಖ್ಯೆಗೆ ಎರಡು ಬೈಟ್ ಜಾಗ ಇತ್ತು. ಎರಡು ಬೈಟಿನಲ್ಲಿ 65,535ರ ಮೇಲೆ ಎಣಿಸೋಕೆ ಆಗಲ್ಲ. 2018ರ ಕ್ಲೈಂಟುಗಳಲ್ಲಿ ಅದನ್ನು ನಾಲ್ಕು ಬೈಟ್ ಮಾಡಿದರು. ಈಗ ಹಳೇ ತಾರೀಖಿನ ಸರ್ವರ್, ಹೊಸ ತಾರೀಖಿನ ಕ್ಲೈಂಟ್ ಸೇರಿಸಿದರೆ ಏನಾಗತ್ತೆ? ಲೆಕ್ಕ ಸುಲಭ ಆಗಲಿ ಅಂತ ಸಂದೇಶವನ್ನು ಚಿಕ್ಕದು ಮಾಡ್ತೀನಿ. ಸರ್ವರ್ ಹೇಳ್ತು: ವಸ್ತು 501, ಎಣಿಕೆ 10. ಕೆಂಪು ಮದ್ದಿನ ಸೀಸೆ ಹತ್ತು. ಕ್ಲೈಂಟ್ ನಾಲ್ಕು ಬೈಟ್ ಓದೋದು ರೂಢಿ, ಹಾಗಾಗಿ ಎಣಿಕೆಯ ಎರಡು ಬೈಟನ್ನೂ ವಸ್ತುವಿನ ಸಂಖ್ಯೆಗೇ ಸೇರಿಸಿಕೊಳ್ಳತ್ತೆ. ಆಗ ಸಿಗೋ ಸಂಖ್ಯೆ 6,55,861. ಅಂಥ ವಸ್ತುವೇ ಆಟದಲ್ಲಿಲ್ಲ. ಅಲ್ಲಿಗೆ ಮುಗಿಯಲ್ಲ. ಎರಡು ಬೈಟ್ ಮುಂದೆ ಹೋಗಿರೋದ್ರಿಂದ ಅದರ ಹಿಂದೆ ಬರೋ ಸಂದೇಶಗಳೂ ಸಾಲಾಗಿ ಜರುಗತ್ತೆ. ಆಟ ಕ್ರ್ಯಾಶ್ ಆದರೆ ಪುಣ್ಯ. ಆಗದೇ ಇದ್ದರೆ ಕಷ್ಟ. ಕ್ಲೈಂಟ್ ಕಳಿಸಿದ್ದನ್ನು ಸರ್ವರ್ ಇದೇ ರೀತಿ ತಪ್ಪಾಗಿ ಓದಿಕೊಂಡು ಡೇಟಾಬೇಸಿಗೆ ಬರೆದರೆ, ಆಡೋರ ಗಂಟು ಮೂಟೆ ಸದ್ದಿಲ್ಲದೆ ಹಾಳಾಗತ್ತೆ. ಒಂದು ವಾರ ಬಿಟ್ಟು ಗೊತ್ತಾಗತ್ತೆ.

ಮೂರನೇ ಮಟ್ಟ ದತ್ತಾಂಶ. ಸಂದೇಶ ಸರಿಯಾಗೇ ಓದಿದರೂ, 'ವಸ್ತು 501' ಅಂದ್ರೆ ಏನು ಅನ್ನೋ ನಿಘಂಟು ಎರಡೂ ಕಡೆ ಒಂದೇ ಇರಬೇಕು. ವಾರ್‌ಕ್ರಾಫ್ಟ್ ಎಮ್ಯುಲೇಟರುಗಳು ಇದಕ್ಕೆ ಒಳ್ಳೇ ದಾರಿ ಹುಡುಕಿಕೊಂಡಿವೆ. ನಿಮ್ಮ ಕ್ಲೈಂಟಿನ ಫೋಲ್ಡರಿನಿಂದಲೇ ನಕ್ಷೆ, ಮಂತ್ರಗಳ ಪಟ್ಟಿ, ಗುಡ್ಡ ಗೋಡೆಗಳ ಆಕಾರ ಎಲ್ಲವನ್ನೂ ಸರ್ವರಿಗೆ ಬಸಿದುಕೊಳ್ತವೆ. ಬೇರೆ ವರ್ಷನ್ನಿನ ಫೋಲ್ಡರಿನಿಂದ ಬಸಿದರೆ ಕಣ್ಣಿಗೆ ಸೇತುವೆ ಕಾಣತ್ತೆ, ಸರ್ವರಿನ ಪ್ರಕಾರ ಅಲ್ಲಿ ಸೇತುವೆಯೇ ಇಲ್ಲ. ಶತ್ರುಗಳು ಗಾಳಿಯಲ್ಲಿ ನಡೀತಾರೆ, ಗೋಡೆಯೊಳಗಿಂದ ಬರ್ತಾರೆ.

ಹಾಗಾದ್ರೆ ಪರಿಹಾರ ಏನು? ಅಭಿಮಾನಿ ಸರ್ವರುಗಳು ಬಹುಪಾಲು ಒಂದೇ ತೀರ್ಮಾನಕ್ಕೆ ಬಂದಿವೆ. ಒಂದು ವರ್ಷನ್ ಆರಿಸಿಕೊ, ಅಲ್ಲೇ ನಿಲ್ಲು. ವಾರ್‌ಕ್ರಾಫ್ಟ್ ಲೋಕದಲ್ಲಿ ಮ್ಯಾಂಗೋಸ್ 2005ರಲ್ಲಿ ಶುರುವಾಯ್ತು, ಅದರಿಂದ 2008ರಲ್ಲಿ ಟ್ರಿನಿಟಿಕೋರ್ ಕವಲೊಡೀತು. 3.3.5ಎ ಬಂದದ್ದು 2010ರಲ್ಲಿ. ಇವತ್ತಿಗೂ ಸಾವಿರಾರು ಗಂಟೆ ದುಡಿಮೆ ಅದೇ ಒಂದು ಬಿಲ್ಡಿನ ಮೇಲೆ ನಡೀತಾ ಇದೆ. ಕ್ಲೈಂಟ್ ಇನ್ನು ಬದಲಾಗಲ್ಲ. ಬದಲಾಗದೇ ಇರೋದನ್ನು ನಿಧಾನಕ್ಕೆ, ಪೂರ್ತಿ ಅರ್ಥ ಮಾಡ್ಕೋಬಹುದು.

ಅದರಲ್ಲಿ ನಮ್ಮಂಥ ಊರಿಗೆ ಒಂದು ಲಾಭ ಇದೆ. ಮಾದಾಪುರದ ಮಳೆಗಾಲ ನಿಮಗೆ ನಾನು ಹೇಳಬೇಕಾ? ಕರೆಂಟು ಹೋದರೆ ಟವರು ಹೋಗತ್ತೆ, ಟವರು ಬಂದಾಗ ಕರೆಂಟು ಇರಲ್ಲ. 2018ರ ಆಗಸ್ಟಿನಲ್ಲಿ ಈ ಭಾಗದ ಗುಡ್ಡ ಕುಸಿದು ರಸ್ತೆಗಳೇ ಕಡಿದುಹೋದವು, ಇನ್ನು ಇಂಟರ್‌ನೆಟ್ಟಿನ ಮಾತೆಲ್ಲಿ. ಇವತ್ತಿನ ದೊಡ್ಡ ಆಟಗಳು ಅಪ್‌ಡೇಟ್ ಆಗದೆ ಒಳಗೇ ಬಿಡಲ್ಲ, ಆ ಅಪ್‌ಡೇಟು ಜಿಬಿ ಲೆಕ್ಕದಲ್ಲಿ ಇರತ್ತೆ. ಬೆಂಗಳೂರಿನ ಫೈಬರ್ ಲೈನಿಗೆ ಅದು ಕಾಫಿ ಕುಡಿಯೋ ಹೊತ್ತಿನ ಕೆಲಸ, ಇಲ್ಲಿ ಅದು ರಾತ್ರಿಯೆಲ್ಲಾ. ಆಟಗಾರ ಹೊರಗೆ ಬೀಳೋದು ಆಟ ಬರದೆ ಅಲ್ಲ, ವರ್ಷನ್ ಹಿಂದೆ ಬಿದ್ದು. ನಿಂತ ವರ್ಷನ್ನಿನ ಸರ್ವರಿಗೆ ಈ ಸಮಸ್ಯೆ ಇಲ್ಲ. ಕ್ಲೈಂಟನ್ನು ಒಂದು ಸಲ ಹಾಕಿದರೆ ಮುಗೀತು. ಸರ್ವರನ್ನು ನಿಮ್ಮದೇ ಹಳೇ ಕಂಪ್ಯೂಟರಿನಲ್ಲಿ ಓಡಿಸಬಹುದು. ಒಂದು ವೈಫೈ ರೂಟರು, ಮೂರು ನಾಲ್ಕು ಲ್ಯಾಪ್‌ಟಾಪು, ಒಂದು ಯುಪಿಎಸ್ಸು ಇದ್ದರೆ ಹೊರಗಿನ ಇಂಟರ್‌ನೆಟ್ಟೇ ಬೇಡ.

ನಿಲ್ಲೋದಕ್ಕೆ ಬೆಲೆಯೂ ಇದೆ, ಅದನ್ನೂ ಹೇಳಿಬಿಡ್ತೀನಿ. ಹಳೇ ಕ್ಲೈಂಟಿನ ಭದ್ರತಾ ದೋಷ ಹಾಗೇ ಉಳಿಯತ್ತೆ, ತಿದ್ದೋಕೆ ಕಂಪನಿ ಬರಲ್ಲ. ಹೊಸ ವಿಂಡೋಸ್‌ನಲ್ಲಿ ಹಳೇ ಪ್ರೋಗ್ರಾಂ ಒಂದು ದಿನ ಮೊಂಡಾಟ ಮಾಡತ್ತೆ. ಆಡೋರಿಗೆ ಹೊಸದೇನೂ ಸಿಗಲ್ಲ. ಅದಕ್ಕೇ ಕೆಲವರು ಇನ್ನೊಂದು ದಾರಿ ಹಿಡಿದಿದ್ದಾರೆ: ನಡುವೆ ಒಬ್ಬ ದುಭಾಷಿಯನ್ನು ಕೂರಿಸೋದು. ಮೈನ್‌ಕ್ರಾಫ್ಟ್ ಆಡೋರಿಗೆ ವಯಾವರ್ಷನ್ ಗೊತ್ತಿರತ್ತೆ. ಮೈನ್‌ಕ್ರಾಫ್ಟ್ 1.8ರ ಸಂವಾದ ಸಂಖ್ಯೆ 47, ಆಮೇಲೆ ಬಂದವಕ್ಕೆ ಬೇರೆ ಬೇರೆ. ಈ ಪ್ಲಗಿನ್ ಸರ್ವರಿನ ಪಕ್ಕ ಕೂತು ಒಂದರ ಮಾತನ್ನು ಇನ್ನೊಂದಕ್ಕೆ ಅನುವಾದ ಮಾಡತ್ತೆ. ಆದರೆ ಹಳೇ ಭಾಷೆಯಲ್ಲಿ ಪದವೇ ಇಲ್ಲದ ಹೊಸ ಬ್ಲಾಕ್ ಬಂದರೆ ದುಭಾಷಿ ಏನು ಮಾಡ್ತಾನೆ? ಹತ್ತಿರದ ಇನ್ನೊಂದನ್ನು ತೋರಿಸಿ ಸುಮ್ಮನಾಗ್ತಾನೆ.

ಕಂಪನಿಗೂ ಇದು ತಪ್ಪಿದ್ದಲ್ಲ. ನೋಸ್ಟಾಲ್ರಿಯಸ್ ಅನ್ನೋ ಅಭಿಮಾನಿ ಸರ್ವರ್ ವಾರ್‌ಕ್ರಾಫ್ಟಿನ ಹಳೇ ರೂಪವನ್ನು ಓಡಿಸ್ತಾ ಇತ್ತು. ಬ್ಲಿಜ಼ಾರ್ಡ್ ಕಡೆಯಿಂದ ಕಾನೂನು ನೋಟಿಸ್ ಬಂದು 2016ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ಆದರೆ ಹಳೇ ಆಟ ಬೇಕು ಅನ್ನೋ ಕೂಗು ನಿಲ್ಲಲಿಲ್ಲ. 2019ರ ಆಗಸ್ಟ್‌ನಲ್ಲಿ ಬ್ಲಿಜ಼ಾರ್ಡ್ ತಾನೇ ಕ್ಲಾಸಿಕ್ ಅಂತ ಹಳೇ ಆಟ ತಂತು. ಅವರು ಹಳೇ ಕ್ಲೈಂಟನ್ನು ಹಾಗೇ ಬಿಡಲಿಲ್ಲ. 1.12ರ ದತ್ತಾಂಶವನ್ನು ಹೊಸ ಕಾಲದ ಕೋಡಿಗೆ ಅರ್ಥ ಆಗೋ ಹಾಗೆ ರೂಪ ಬದಲಿಸಿ ಕೂರಿಸಿದರು. ಆಟ ಹಳೇದು, ಅದನ್ನು ಓಡಿಸೋ ಕೋಡು ಹೊಸದು. ಸ್ವಂತ ಮನೆಯವರೇ ಹಳೇದನ್ನು ಓಡಿಸೋಕೆ ಇಷ್ಟು ಕಷ್ಟಪಡಬೇಕಾಯ್ತು ಅಂದ್ರೆ, ಹೊರಗಿನಿಂದ ಕೇಳಿ ಕೇಳಿ ಕಟ್ಟಿದವರ ಶ್ರಮ ಎಷ್ಟಿರಬೇಡ.

'ಕೇಳಿ ಕೇಳಿ' ಅಂದೆ. ಇದು ಮುಖ್ಯ. ಕ್ಲೈಂಟಿನಲ್ಲಿ ಚಿತ್ರ, ಸದ್ದು, ನಕ್ಷೆ, ವಸ್ತುಗಳ ಹೆಸರು ಇರತ್ತೆ. ಯಾವ ಕಾಡಿನಲ್ಲಿ ಯಾವ ಪ್ರಾಣಿ ಎಷ್ಟು ಹೊತ್ತಿಗೆ ಬರತ್ತೆ, ಸತ್ತಾಗ ಏನು ಉದುರತ್ತೆ ಅನ್ನೋದೆಲ್ಲಾ ಸರ್ವರಿನಲ್ಲೇ. ಸರ್ವರ್ ಜೀವಂತ ಇದ್ದಾಗ ಎರಡರ ನಡುವಿನ ಮಾತನ್ನು ಯಾರಾದರೂ ದಾಖಲಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ದಾಖಲೆಯೂ ಯಾವ ವರ್ಷನ್ನಿನದು ಅಂತ ಬರೆದಿಟ್ಟಿರಬೇಕು. ತಾರೀಖಿಲ್ಲದ ದಾಖಲೆ ತಲೆಬರಹ ಇಲ್ಲದ ಲೆಕ್ಕದ ಪುಸ್ತಕ ಇದ್ದ ಹಾಗೆ.

ಇಲ್ಲಿಗೆ ಎಲ್ಲ ಕಡೆ ಕೇಳೋ ಪ್ರಶ್ನೆ ಬರತ್ತೆ: ಇದು ಕಾನೂನಿಗೆ ವಿರುದ್ಧ ಅಲ್ವಾ? ನಾನು ವಕೀಲ ಅಲ್ಲ, ಕಾಯ್ದೆಯಲ್ಲಿ ಇರೋದನ್ನು ಹೇಳ್ತೀನಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಒಂದು ಪ್ರೋಗ್ರಾಂ ನಿಮ್ಮ ಹತ್ತಿರ ಕಾನೂನುಬದ್ಧವಾಗಿ ಇದ್ದರೆ, ಸ್ವತಂತ್ರವಾಗಿ ಬರೆದ ಇನ್ನೊಂದು ಪ್ರೋಗ್ರಾಂ ಅದರ ಜೊತೆ ಕೆಲಸ ಮಾಡೋಕೆ ಬೇಕಾದ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದಾಗ, ಅದನ್ನು ಪಡೆಯೋಕೆ ಅಗತ್ಯವಾದಷ್ಟು ಕೆಲಸ ಉಲ್ಲಂಘನೆ ಅಲ್ಲ. ಅಂದ್ರೆ ಹೊಂದಾಣಿಕೆಯ ಅಧ್ಯಯನಕ್ಕೆ ಕಾಯ್ದೆಯಲ್ಲೇ ಜಾಗ ಇದೆ. ಆದರೆ ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದ ತನಕ ಜೈಲು ಅನ್ನತ್ತೆ. ಕ್ಲೈಂಟಿನ ಚಿತ್ರ, ಸಂಗೀತ ಕಂಪನಿಯ ಸ್ವತ್ತು, ಅದನ್ನು ಹಂಚೋ ಹಕ್ಕು ನಮಗಿಲ್ಲ. ಅಮೆರಿಕದಲ್ಲಿ ಬಿನೆಟ್‌ಡಿ ಅನ್ನೋ ಅಭಿಮಾನಿ ಸರ್ವರ್ 2005ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಆಟದ ಪ್ರತಿ ಅಸಲಿಯೋ ನಕಲಿಯೋ ಅಂತ ಅದು ಪರೀಕ್ಷಿಸುತ್ತಿರಲಿಲ್ಲ ಅನ್ನೋದು ಅಲ್ಲಿ ದೊಡ್ಡ ವಿಷಯವಾಯ್ತು. ಇನ್ನೊಂದು ಕಡೆ, 2012ರ ನವೆಂಬರ್‌ನಲ್ಲಿ ಮುಚ್ಚಿದ ಸಿಟಿ ಆಫ್ ಹೀರೋಸ್ ಆಟದ ಅಭಿಮಾನಿ ಸರ್ವರ್ ಹೋಮ್‌ಕಮಿಂಗ್‌ಗೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಕಂಪನಿಯೇ ಪರವಾನಗಿ ಕೊಟ್ಟಿತು. ಹಾಗಾಗಿ ದಾರಿ ಇಲ್ಲ ಅನ್ನೋ ಹಾಗೂ ಇಲ್ಲ, ಹೇಗೆ ಬೇಕಾದ್ರೂ ನಡೀಬಹುದು ಅನ್ನೋ ಹಾಗೂ ಇಲ್ಲ. ಕಲಿಯೋಕೆ ಮಾಡಿ, ದುಡ್ಡು ಎತ್ತಬೇಡಿ, ಕ್ಲೈಂಟ್ ಹಂಚಬೇಡಿ.

ಪ್ರಯತ್ನ ಮಾಡೋರಿಗೆ ನಾಲ್ಕು ಮಾತು. ಒಂದು, ಮೊದಲು ಕ್ಲೈಂಟಿನ ತಾರೀಖು ಅಥವಾ ಬಿಲ್ಡ್ ಸಂಖ್ಯೆ ಕಾಗದದ ಮೇಲೆ ಬರ್ಕೊಳ್ಳಿ, ಆಮೇಲೆ ಸರ್ವರ್ ಆರಿಸಿ, ಉಲ್ಟಾ ಮಾಡಬೇಡಿ. ಎರಡು, 'ಹೊಸದೇ ಒಳ್ಳೇದು' ಅನ್ನೋದು ಇಲ್ಲಿ ನಡೆಯಲ್ಲ. ಸರ್ವರ್ ಬರೆದವರು ಯಾವ ತಾರೀಖನ್ನು ಚೆನ್ನಾಗಿ ಪರೀಕ್ಷಿಸಿದ್ದಾರೋ ಅದೇ ಒಳ್ಳೇದು. ಮೂರು, ಏನಾದ್ರೂ ಕೆಟ್ಟರೆ ಸರ್ವರಿನ ಕಪ್ಪು ಕಿಟಕಿಯಲ್ಲಿ ಬರೋ ಸಾಲು ಓದಿ. 'ಗೊತ್ತಿಲ್ಲದ ಸಂದೇಶ', 'ಉದ್ದ ತಪ್ಪು' ಅಂತ ಬಂದರೆ ತೊಂಬತ್ತು ಪಾಲು ಅದು ತಾರೀಖಿನ ಜಗಳವೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಡೇಟಾಬೇಸಿನ ಪ್ರತಿ ತೆಗೆದಿಟ್ಟುಕೊಂಡು ಮಾಡಿ. ನಾಲ್ಕು, ಯಾರೋ ಕೊಟ್ಟ 'ರೆಡಿಮೇಡ್' ಕ್ಲೈಂಟನ್ನು ಕಣ್ಣುಮುಚ್ಚಿ ಓಡಿಸಬೇಡಿ, ಬ್ಯಾಂಕಿಗೆ ಇಟ್ಟ ಪಾಸ್‌ವರ್ಡನ್ನು ಆಟದ ಸರ್ವರಿಗೆ ಇಡಬೇಡಿ.

ಇದೆಲ್ಲಾ ಬರೀ ಆಟಕ್ಕಾ ಅಂತ ಮನೇಲಿ ಕೇಳಬಹುದು. ಯುಪಿಐ ಆಪು, ಆಸ್ಪತ್ರೆಯ ದಾಖಲೆ, ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಎಲ್ಲಾ ಎರಡು ತುದಿಯ ಒಪ್ಪಂದಗಳೇ. ಒಂದು ತುದಿ ಬದಲಾಗಿ ಇನ್ನೊಂದು ಹಿಂದೆ ಬಿದ್ದಾಗ ಸಾಲಿನಲ್ಲಿ ನಿಂತು ಕಾಯೋರು ನಾವೇ. ಆ ಜಗಳ ಹೇಗೆ ಹುಟ್ಟತ್ತೆ, ಹೇಗೆ ಬಿಡಿಸಬೇಕು ಅನ್ನೋದನ್ನು ಒಂದು ಆಟದಲ್ಲಿ ಕಲಿತರೆ ಯಾರಿಗೂ ನಷ್ಟ ಇಲ್ಲ.

ಕೊನೆಗೆ ಒಂದು ಕೋರಿಕೆ. ರಾಗ್ನರಾಕ್‌ಗೆ ಒಂದೊಂದು ದೇಶದಲ್ಲಿ ಒಂದೊಂದು ಕ್ಲೈಂಟ್ ಇತ್ತು. ಭಾರತದ್ದು ಬೇರೆಯೇ. ಮಡಿಕೇರಿಯಲ್ಲೋ, ಮೈಸೂರಿನಲ್ಲೋ, ಕುಶಾಲನಗರದಲ್ಲೋ ಮುಚ್ಚಿಹೋದ ಸೈಬರ್ ಕೆಫೆಯ ಕಂಪ್ಯೂಟರು ಯಾರದೋ ಮನೆಯ ಅಟ್ಟದಲ್ಲಿ ಇದ್ದರೂ ಇರಬಹುದು. ಅದನ್ನು ಗುಜರಿಗೆ ಹಾಕೋ ಮೊದಲು ಡಿಸ್ಕ್ ತೆಗೆದು ಒಂದು ಸಲ ನೋಡಿ. ಅಂಥ ಫೋಲ್ಡರ್ ಸಿಕ್ಕರೆ ಏನೂ ಅಳಿಸಬೇಡಿ, ಅಪ್‌ಡೇಟ್ ಅಂತೂ ಮಾಡಲೇಬೇಡಿ. ಫೈಲಿನ ತಾರೀಖು ಒಂದು ಚೀಟಿಯಲ್ಲಿ ಬರೆದು ಡಿಸ್ಕಿಗೆ ಅಂಟಿಸಿಡಿ.

 ಕರೆಂಟು ಹೋಗೋ ಮೊದಲು ಪ್ರಶ್ನೆ ತಗೊಳ್ಳೋಣ.